ಘಾನಾಕ್ಕೆ ಹೋದ ವಿಮಾನಗಳು: ಹಳೆಯ ವಾಯುಪಡೆಯೊಂದರ ಜಾಡು ಹಿಡಿಯುವ ಬಗೆ

ಅಪ್ಪ ತೀರಿಕೊಂಡ ಮೇಲೆ ಅವರ ಕಬ್ಬಿಣದ ಟ್ರಂಕಿನಲ್ಲಿ ಒಂದು ಫೋಟೋ ಸಿಕ್ಕಿತು. ಕಪ್ಪು-ಬಿಳುಪು, ಅಂಗೈಯಗಲ, ಒಂದು ಮೂಲೆಯನ್ನು ಬೆಳ್ಳಿಹುಳ ತಿಂದಿತ್ತು. ಎರಡು ಸೀಟಿನ ಪುಟ್ಟ ವಿಮಾನದ ಮುಂದೆ ಐದು ಜನ ಕಾರ್ಮಿಕರು ನಿಂತಿದ್ದಾರೆ. ಎಡದಿಂದ ಎರಡನೆಯವರು ಅಪ್ಪ. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಅವರದೇ ಅಕ್ಷರ: "ಘಾನಾ. ಬಾಲ ನಮ್ಮದು."

ಅಪ್ಪ ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಆಗ ನಾವು ಮುರುಗೇಶಪಾಳ್ಯದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಫೋಟೋದಲ್ಲಿರುವುದು ಎಚ್‌ಟಿ-2, ವಿ. ಎಂ. ಘಾಟಗೆ ಅವರು ವಿನ್ಯಾಸ ಮಾಡಿದ ತರಬೇತಿ ವಿಮಾನ. ಅದು ಮೊದಲು ಹಾರಿದ್ದು 1951ರ ಆಗಸ್ಟ್ 5ರಂದು. ಅಂಥ 12 ವಿಮಾನಗಳು ಬೆಂಗಳೂರಿನಿಂದ ಪಶ್ಚಿಮ ಆಫ್ರಿಕದ ಘಾನಾಕ್ಕೆ ಹೋದವು. 1957ರ ಮಾರ್ಚ್ 6ರಂದು ಸ್ವತಂತ್ರವಾದ ಘಾನಾ, ಎರಡು ವರ್ಷ ಕಳೆದು ತನ್ನ ವಾಯುಪಡೆಯನ್ನು ಕಟ್ಟಲು ಹೊರಟಾಗ ಭಾರತ ಮತ್ತು ಇಸ್ರೇಲಿನ ಅಧಿಕಾರಿಗಳ ನೆರವು ಪಡೆಯಿತು. ಆ ಪಡೆಯ ಮೊದಲ ಮುಖ್ಯಸ್ಥರು ನಮ್ಮ ವಾಯುಪಡೆಯ ಏರ್ ಕಮೋಡೋರ್ ಜಸ್ವಂತ್ ಸಿಂಗ್. 1960ರಲ್ಲಿ ತರಬೇತಿಯ ಹೊಣೆ ಬ್ರಿಟಿಷ್ ವಾಯುಪಡೆಯ ಕೈಗೆ ಹೋಯಿತು.

ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನಾನು ಈ ಹನ್ನೆರಡು ವಿಮಾನಗಳ ಬೆನ್ನು ಹತ್ತಿದೆ. ಒಂದನ್ನು ಹುಡುಕಹೋದರೆ ಹತ್ತು ಸಿಗುತ್ತವೆ. ಹಾಗಾಗಿ ಘಾನಾದ ಇತರ ಹಳೆಯ ವಿಮಾನಗಳೂ ನನ್ನ ಪುಸ್ತಕಕ್ಕೆ ಬಂದು ಕುಳಿತವು. ಇಂಥ ಹುಡುಕಾಟವನ್ನು ಯಾರಾದರೂ ಕೈಗೆತ್ತಿಕೊಳ್ಳುವುದಾದರೆ ನಾನು ಪೋಲು ಮಾಡಿದ ತಿಂಗಳುಗಳು ಅವರಿಗಾದರೂ ಉಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಜಮಾ-ಖರ್ಚಿನಂತೆ ನೋಡಿ

ಮೂವತ್ತಮೂರು ವರ್ಷ ಲೆಡ್ಜರ್ ತಾಳೆ ನೋಡಿದವನು ನಾನು. ಒಂದು ಪುಸ್ತಕದಲ್ಲಿ ಖರ್ಚು ಬಿದ್ದಿದ್ದರೆ ಇನ್ನೊಂದರಲ್ಲಿ ಜಮೆ ಬಿದ್ದಿರಲೇಬೇಕು. ವಿಮಾನಕ್ಕೂ ಅದೇ ನಿಯಮ. ಕಾರ್ಖಾನೆಯ ಪುಸ್ತಕದಿಂದ ಹೊರಗೆ ಹೋದದ್ದು ಯಾವುದೋ ಪಡೆಯ ಪುಸ್ತಕಕ್ಕೆ ಸೇರಿರುತ್ತದೆ. ಅಲ್ಲಿಂದ ತೆಗೆದುಹಾಕಿದರೆ ಗುಜರಿಯವನ ರಸೀದಿಗೋ, ಖಾಸಗಿ ಕೊಳ್ಳುಗನ ನೋಂದಣಿಗೋ, ಅಪಘಾತದ ವರದಿಗೋ ಬರುತ್ತದೆ. ಒಂದು ಕಡೆಯ ಪುಸ್ತಕ ಸಿಗದಿದ್ದರೆ ಜೋಡಿ ಪುಸ್ತಕವನ್ನು ಹುಡುಕಬೇಕು.

ಆಫ್ರಿಕದ ವಾಯುಪಡೆಗಳ ವಿಷಯದಲ್ಲಿ ಇದು ಮುಖ್ಯವಾದ ಮಾತು. ಅಲ್ಲಿಯದು ಏನೂ ಸಿಗುವುದಿಲ್ಲ, ದಾಖಲೆ ಇಟ್ಟಿಲ್ಲ ಎಂದು ಹಲವರು ಆರಂಭದಲ್ಲೇ ಕೈಚೆಲ್ಲುತ್ತಾರೆ. ಈ ಮಾತು ನನಗೆ ಬೇಸರ ತರಿಸುತ್ತದೆ. ದಾಖಲೆ ಇದೆ, ಆದರೆ ಹಂಚಿಹೋಗಿದೆ. ಘಾನಾದ ಬೀವರ್, ಆಟರ್, ಕ್ಯಾರಿಬೂ ವಿಮಾನಗಳು ಕೆನಡಾದ ಡಿ ಹ್ಯಾವಿಲೆಂಡ್ ಕಾರ್ಖಾನೆಯವು. ಚಿಪ್‌ಮಂಕ್‌ಗಳು ಬ್ರಿಟಿಷ್ ವಾಯುಪಡೆಯಲ್ಲಿ ದುಡಿದು ಬಂದವು. ಮಾಕ್ಕಿ ಜೆಟ್‌ಗಳು ಇಟಲಿಯವು, ಸ್ಕೈವ್ಯಾನ್‌ಗಳು ಬೆಲ್‌ಫಾಸ್ಟ್‌ನವು, ಬುಲ್‌ಡಾಗ್‌ಗಳು ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್‌ನವು. ಹೀಗಿರುವಾಗ ಒಂದೇ ಪಡೆಯ ಕಾಗದಗಳು ಬೆಂಗಳೂರು, ದೆಹಲಿ, ಲಂಡನ್, ಒಟ್ಟಾವಾ, ಆಕ್ರಾ ಎಂದು ಐದಾರು ಊರುಗಳಲ್ಲಿ ಬಿದ್ದಿರುವುದು ಸಹಜವೇ. ಕೊಟ್ಟವರ ಲೆಕ್ಕದಿಂದ ಶುರು ಮಾಡಿ.

ಬಣ್ಣದ ಸಂಖ್ಯೆ, ತಗಡಿನ ಸಂಖ್ಯೆ

ವಿಮಾನಕ್ಕೆ ಮೂರು ಬಗೆಯ ಸಂಖ್ಯೆಗಳಿರುತ್ತವೆ. ಕಾರ್ಖಾನೆ ಕೊಡುವ ತಯಾರಿಕಾ ಸಂಖ್ಯೆ ಸಣ್ಣ ಲೋಹದ ತಗಡಿನ ಮೇಲೆ ಅಚ್ಚಾಗಿ ವಿಮಾನದ ಒಡಲೊಳಗೆ ಎಲ್ಲೋ ರಿವೆಟ್ ಆಗಿರುತ್ತದೆ. ವಾಯುಪಡೆ ಕೊಡುವ ಸಂಖ್ಯೆಯನ್ನು ಒಡಲ ಮೇಲೆ ಬಣ್ಣದಲ್ಲಿ ಬರೆಯುತ್ತಾರೆ. ಖಾಸಗಿಯವರ ಕೈಗೆ ಹೋದರೆ ಆಯಾ ದೇಶದ ನಾಗರಿಕ ನೋಂದಣಿ ಬರುತ್ತದೆ. ಭಾರತದ್ದು ವಿಟಿ, ಘಾನಾದ್ದು 9ಜಿ, ಬ್ರಿಟನ್ನಿನದು ಜಿ ಎಂದು ಶುರುವಾಗುತ್ತದೆ. ಬಣ್ಣವನ್ನು ಅಳಿಸಿ ಬೇರೆ ಬರೆಯುವುದು ಅರ್ಧ ದಿನದ ಕೆಲಸ. ಮಾಲೀಕರು ಬದಲಾದರೂ ಬದಲಾಗದೆ ಉಳಿಯುವುದು ತಗಡಿನ ಸಂಖ್ಯೆ. ನಿಮ್ಮ ಪಟ್ಟಿಯಲ್ಲಿ ಒಂದು ಯಂತ್ರಕ್ಕೆ ಒಂದೇ ಸಾಲು ಇರಲಿ. ಸಾಲಿನ ತಲೆಯಲ್ಲಿ ತಯಾರಿಕಾ ಸಂಖ್ಯೆ, ಮುಂದೆ ಅದು ಹೊತ್ತ ಉಳಿದ ಸಂಖ್ಯೆಗಳು ದಿನಾಂಕದೊಡನೆ ಬರಲಿ. ಬಣ್ಣದ ಸಂಖ್ಯೆಗೊಂದು ಸಾಲು ಹಾಕಿದರೆ ಒಂದೇ ವಿಮಾನವನ್ನು ಮೂರು ಸಲ ಎಣಿಸಿಬಿಡುತ್ತೀರಿ.

ಘಾನಾದ ವಿಷಯದಲ್ಲಿ ಒಂದು ಬಲೆ ಇದೆ. ಅದರಲ್ಲಿ ನಾನೂ ಬಿದ್ದಿದ್ದೆ. ಘಾನಾ ವಾಯುಪಡೆಯ ಸಂಖ್ಯೆಗಳೂ ಜಿ ಎಂದೇ ಶುರುವಾಗುತ್ತವೆ. ಅದರ 13 ಬುಲ್‌ಡಾಗ್‌ಗಳು ಜಿ-100ರಿಂದ ಜಿ-112. ಆರು ಸ್ಕೈವ್ಯಾನ್‌ಗಳು ಜಿ450ರಿಂದ ಜಿ455. ಬ್ರಿಟನ್ನಿನ ನಾಗರಿಕ ನೋಂದಣಿಯಲ್ಲಿ ಜಿ ಆದ ಮೇಲೆ ನಾಲ್ಕು ಅಕ್ಷರಗಳು ಬರುತ್ತವೆ, ಆದ್ದರಿಂದ ಅದನ್ನು ಗುರುತಿಸುವುದು ಸುಲಭ. ತೊಡಕಿರುವುದು ಜಿ ಎಂದೇ ಶುರುವಾಗುವ ಇನ್ನೊಂದು ಗುರುತಿನಲ್ಲಿ. ಬ್ರಿಟಿಷ್ ಕಾರ್ಖಾನೆಗಳು ಹೊಸ ವಿಮಾನವನ್ನು ಪರೀಕ್ಷೆಗೆ ಹಾರಿಸುವಾಗ ತಾತ್ಕಾಲಿಕ ಗುರುತು ಬಳಸುತ್ತಿದ್ದವು. ಸ್ಕಾಟಿಷ್ ಏವಿಯೇಷನ್‌ಗೆ ಜಿ-31, ಶಾರ್ಟ್ ಬ್ರದರ್ಸ್‌ಗೆ ಜಿ-14, ಅದರ ಮುಂದೆ ಇನ್ನೊಂದು ಅಂಕೆ. ನಾನು ಬುಲ್‌ಡಾಗ್ ಒಂದರ ಚಿತ್ರದಲ್ಲಿ ಜಿ-31 ಎಂದು ಕಂಡದ್ದೇ ತಡ, ಘಾನಾದ ವಿಮಾನ ಸಿಕ್ಕಿತೆಂದು ಸಾಲು ಬರೆದೆ. ಒಂದು ತಿಂಗಳು ಪಟ್ಟಿ ಎಷ್ಟು ಮಾಡಿದರೂ ತಾಳೆಯಾಗಲಿಲ್ಲ. ಕೊನೆಗೆ ಜಿ-31ರ ಪಕ್ಕ ಇನ್ನೊಂದು ಅಡ್ಡಗೆರೆ ಕಾಣಿಸಿದ ಮೇಲೆಯೇ ತಪ್ಪು ತಿಳಿದದ್ದು. ಆ ಗುರುತನ್ನು ಒಂದಾದ ಮೇಲೊಂದು ಹಲವು ವಿಮಾನಗಳಿಗೆ ಬಳಸುವುದೂ ಇತ್ತು. ಹಾಗಾಗಿ ಅದು ಗುರುತು ಮಾತ್ರ, ವಿಮಾನದ ಹೆಸರಲ್ಲ.

ತಗಡನ್ನು ಓದುವಾಗ ಕಂಪನಿಯ ಹೆಸರನ್ನೂ ಓದಿ. ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಎಂಬ ಹೆಸರು 1964ರ ಅಕ್ಟೋಬರ್‌ನಲ್ಲಿ ಹಿಂದೂಸ್ಥಾನ್ ಏರೋನಾಟಿಕ್ಸ್ ಆಯಿತು. ಅಂದರೆ ಹೆಸರೇ ಕಾಲ ಹೇಳುತ್ತದೆ. ಇನ್ನೊಂದು ಎಚ್ಚರಿಕೆ: ರೆಕ್ಕೆ, ಎಂಜಿನ್, ಬಾಲದ ಭಾಗಗಳಿಗೂ ಅವುಗಳದೇ ಸಂಖ್ಯೆ, ತಪಾಸಕರ ಮುದ್ರೆ ಇರುತ್ತವೆ. ಅವು ಒಂದು ವಿಮಾನದಿಂದ ಇನ್ನೊಂದಕ್ಕೆ ಹೋಗುವುದು ಮಾಮೂಲು. ರೆಕ್ಕೆಯ ಸಂಖ್ಯೆ ಹಿಡಿದು ವಿಮಾನಕ್ಕೆ ನಾಮಕರಣ ಮಾಡಬೇಡಿ. ಗುರುತು ಒಡಲಿನದು.

ಫೋಟೋ ಓದುವುದು

ನನ್ನ ಮಟ್ಟಿಗೆ ಈ ಕೆಲಸದಲ್ಲಿ ಅತ್ಯಂತ ಸಂತೋಷ ಕೊಡುವ ಭಾಗ ಇದು. ಕೊಂಚ ನಿಧಾನವಾಗಿ ಹೇಳುತ್ತೇನೆ.

ಎಚ್‌ಟಿ-2 ಮತ್ತು ಚಿಪ್‌ಮಂಕ್ ಎರಡೂ ಘಾನಾದಲ್ಲಿದ್ದವು. ಎರಡೂ ಒಂದರ ಹಿಂದೊಂದು ಎರಡು ಸೀಟಿನವು, ಕೆಳರೆಕ್ಕೆಯವು, ಬಾಲಚಕ್ರದವು. ಮಸುಕಾದ ಫೋಟೋದಲ್ಲಿ ಅಣ್ಣತಮ್ಮಂದಿರಂತೆ ಕಾಣುತ್ತವೆ. ಹೀಗಾಗಿ ಚಿತ್ರದ ಅಡಿಬರಹವನ್ನು ನಂಬಬೇಡಿ, ವಿಮಾನವನ್ನೇ ನೋಡಿ. ಚಿಪ್‌ಮಂಕ್‌ನ ಬಾಲದ ನಿಲುರೆಕ್ಕೆಗೆ ಡಿ ಹ್ಯಾವಿಲೆಂಡ್ ಮನೆತನದ ದುಂಡು ಆಕಾರವಿದೆ. ಅದರ ರೆಕ್ಕೆಯ ಮುಖ್ಯ ತೊಲೆಯ ಹಿಂದಿನ ಭಾಗ ಬಟ್ಟೆಯದು. ಒಳ್ಳೆಯ ಪ್ರತಿಯಾದರೆ ಬಟ್ಟೆಯಡಿಯ ಪಕ್ಕೆಲುಬುಗಳು ಹಪ್ಪಳದ ಮೇಲಿನ ಗೆರೆಗಳಂತೆ ಸಾಲಾಗಿ ತೋರುತ್ತವೆ. ಎಚ್‌ಟಿ-2 ಪೂರ್ತಿ ಲೋಹದ ವಿಮಾನ, ಅದರ ರೆಕ್ಕೆಯ ಮೇಲೆ ಕಾಣುವುದು ತಗಡಿನ ಜೋಡಣೆ ಮತ್ತು ರಿವೆಟ್ ಸಾಲು. ನಮ್ಮ ಊರಿನಲ್ಲಿ ಇದನ್ನು ಕಣ್ಣಿಗೆ ಅಭ್ಯಾಸ ಮಾಡಿಸಿಕೊಳ್ಳುವುದು ಸುಲಭ. ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿರುವ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಒಂದು ಎಚ್‌ಟಿ-2 ಇದೆ. ನಾನು ಅದರ ಸುತ್ತ ಮೂರು ಸಲ ನಡೆದು ಬಾಲದ ಬುಡದಲ್ಲಿ ಮಂಡಿಯೂರಿ ಕುಳಿತೆ. ನಿಲುರೆಕ್ಕೆ ಒಡಲಿಗೆ ಕೂಡುವಲ್ಲಿ ಬೆರಳಷ್ಟು ಅಗಲದ ತಗಡಿನ ಪಟ್ಟಿ, ಅದರ ಮೇಲೆ ಒಂದೇ ಅಂತರದ ರಿವೆಟ್‌ಗಳು. ಅಪ್ಪ ಊಟದ ತಟ್ಟೆಯ ಅಂಚಿನಲ್ಲಿ ಹೆಬ್ಬೆರಳಿನಿಂದ ಅಳತೆ ತೋರಿಸುತ್ತಿದ್ದದ್ದು ಈ ಅಂತರವನ್ನೇ ಎಂದು ಆಗ ತಿಳಿಯಿತು.

ಫೋಟೋದ ಕಾಲವನ್ನು ವಿಮಾನದ ಸುತ್ತಲಿನ ವಸ್ತುಗಳಿಂದ ಹಿಡಿಯಿರಿ. ಬಣ್ಣದ ಚಿತ್ರದಲ್ಲಿ ಘಾನಾದ ಧ್ವಜ ಕಂಡರೆ ನಡುವಿನ ಪಟ್ಟಿ ನೋಡಿ. 1964ರಿಂದ 1966ರವರೆಗೆ ಆ ಪಟ್ಟಿ ಹಳದಿಯ ಬದಲು ಬಿಳಿಯಾಗಿತ್ತು. ಖರ್ಚಿನ ಕಾಗದ ಸಿಕ್ಕರೆ ಹಣ ಯಾವುದೆಂದು ನೋಡಿ. ಘಾನಾ 1965ರಲ್ಲಿ ಪೌಂಡ್ ಬಿಟ್ಟು ಸೆಡಿಗೆ ಬಂತು. 1966ರ ಫೆಬ್ರುವರಿ 24ರಂದು ಅಧ್ಯಕ್ಷ ಎನ್‌ಕ್ರುಮಾ ಅವರು ವಿದೇಶ ಪ್ರವಾಸದಲ್ಲಿದ್ದಾಗ ಸೇನೆ ಅಧಿಕಾರ ಕಿತ್ತುಕೊಂಡಿತು. ಆ ದಿನದ ಹಿಂದಿನ ಕಾಗದಗಳನ್ನೂ ಮುಂದಿನವನ್ನೂ ಬೇರೆ ಬೇರೆ ಕಡತದಲ್ಲಿಡಿ, ಏಕೆಂದರೆ ವಿಮಾನಗಳ ವಿಷಯದಲ್ಲಿ ಮಾತನಾಡುತ್ತಿದ್ದ ದೇಶಗಳೇ ಬದಲಾದವು.

ಕಟ್ಟಡವನ್ನು ಗುರುತಿಸಲು ಮೂರು ನೆಲೆಗಳ ಹೆಸರು ತಿಳಿದಿರಲಿ: ಆಕ್ರಾ, ಟಕೊರಾಡಿ, ತಮಾಲೆ. ಟಕೊರಾಡಿ ವಿಮಾನಚರಿತ್ರೆಯಲ್ಲಿ ಹಳೆಯ ಹೆಸರು. ಎರಡನೆಯ ಮಹಾಯುದ್ಧದಲ್ಲಿ, 1940ರಿಂದ, ಬ್ರಿಟಿಷರು ಹರಿಕೇನ್, ಬ್ಲೆನ್‌ಹೈಮ್ ವಿಮಾನಗಳನ್ನು ಪೆಟ್ಟಿಗೆಗಳಲ್ಲಿ ಹಡಗಿನಿಂದ ಅಲ್ಲಿ ಇಳಿಸಿ, ಜೋಡಿಸಿ, ಲಾಗೋಸ್, ಕಾನೊ, ಖಾರ್ಟೂಮ್ ದಾರಿಯಾಗಿ ಕೈರೋಗೆ ಹಾರಿಸುತ್ತಿದ್ದರು. ಅಲ್ಲಿಯ ಹಳೆಯ ಹ್ಯಾಂಗರಿನ ಚಿತ್ರ ಸಿಕ್ಕರೆ ಅದು ಆ ಯುದ್ಧಕಾಲದ್ದೋ ಘಾನಾ ವಾಯುಪಡೆಯದ್ದೋ ಎಂದು ಮೊದಲು ಬಿಡಿಸಿಕೊಳ್ಳಿ.

ಕಾಗದ ಎಲ್ಲೆಲ್ಲಿ

ಬೆಂಗಳೂರು ಮತ್ತು ದೆಹಲಿಯಿಂದ ಶುರು ಮಾಡುವುದು ನಮಗೆ ಸಲೀಸು. ರಾಷ್ಟ್ರೀಯ ಅಭಿಲೇಖಾಗಾರದ ಅಭಿಲೇಖ್ ಪಟಲ್ ತಾಣದಲ್ಲಿ ವಿದೇಶಾಂಗ ಸಚಿವಾಲಯದ ಹಳೆಯ ಕಡತಗಳ ಸೂಚಿ ಇದೆ. ಅಲ್ಲಿ ಎಚ್‌ಟಿ-2 ಎಂದಷ್ಟೇ ಹುಡುಕಿ ಬಿಡಬೇಡಿ. ಎಚ್.ಟಿ.2, ಹಿಂದೂಸ್ಥಾನ್ ಟ್ರೈನರ್, ತರಬೇತಿ ವಿಮಾನ, ಘಾನಾಕ್ಕೆ ಅಧಿಕಾರಿಗಳ ನಿಯೋಜನೆ, ಜಸ್ವಂತ್ ಸಿಂಗ್, ಹೀಗೆ ನಾಲ್ಕಾರು ಬಗೆಯಲ್ಲಿ ಹುಡುಕಿ. ಗುಮಾಸ್ತರು ಕಡತಕ್ಕೆ ಹೆಸರಿಡುವುದು ವಿಮಾನಪ್ರಿಯರ ಕಣ್ಣಿನಿಂದಲ್ಲ. ಯಾರ ಸಂಬಳ ಯಾವ ಲೆಕ್ಕಕ್ಕೆ ಎಂಬುದು ಅವರಿಗೆ ಮುಖ್ಯ. ನಿಯೋಜಿತ ಅಧಿಕಾರಿಯ ಭತ್ಯೆಯ ಕಡತದ ನಡುವೆ ವಿಮಾನದ ಪತ್ರ ಮಡಚಿ ಕುಳಿತಿರುತ್ತದೆ.

ಮಾಹಿತಿ ಹಕ್ಕಿನ ಅರ್ಜಿಯೂ ಒಂದು ದಾರಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಘಾನಾಕ್ಕೆ ಹೋದ ವಿಮಾನಗಳ ಬಗ್ಗೆ ಎಲ್ಲ ಮಾಹಿತಿ ಕೊಡಿ ಎಂದು ಕೇಳಿದರೆ ಏನೂ ಬರುವುದಿಲ್ಲ. 1958ರಿಂದ 1961ರ ನಡುವೆ ಘಾನಾ ಸರ್ಕಾರಕ್ಕೆ ಒಪ್ಪಿಸಿದ ಎಚ್‌ಟಿ-2 ವಿಮಾನಗಳ ತಯಾರಿಕಾ ಸಂಖ್ಯೆ ಮತ್ತು ಒಪ್ಪಿಸಿದ ದಿನಾಂಕವಿರುವ ಪುಟದ ಪ್ರತಿ ಬೇಕು ಎಂದು ಕೇಳಿ. ಕಾಯ್ದೆಯ 8ನೇ ಪ್ರಕರಣದ 3ನೇ ಉಪಪ್ರಕರಣವನ್ನು ಅರ್ಜಿಯಲ್ಲಿಯೇ ಬರೆಯಿರಿ. 20 ವರ್ಷಕ್ಕಿಂತ ಹಳೆಯ ಸಂಗತಿಗಳಿಗೆ ದೇಶದ ಭದ್ರತೆಯಂಥ ಕೆಲವೇ ವಿನಾಯಿತಿಗಳು ಉಳಿಯುತ್ತವೆ, ಉಳಿದವು ಅನ್ವಯಿಸುವುದಿಲ್ಲ.

ಲಂಡನ್ನಿನ ಕ್ಯೂ ಎಂಬಲ್ಲಿರುವ ಬ್ರಿಟಿಷ್ ರಾಷ್ಟ್ರೀಯ ಅಭಿಲೇಖಾಗಾರದ ಸೂಚಿಯನ್ನು ಮನೆಯಿಂದಲೇ ನೋಡಬಹುದು. ಕಾಮನ್‌ವೆಲ್ತ್ ಸಂಬಂಧಗಳ ಕಚೇರಿಯ ಕಡತಗಳು ಡಿಒ ಸಾಲಿನಲ್ಲಿ, ವಾಯು ಸಚಿವಾಲಯದವು ಎಐಆರ್ ಸಾಲಿನಲ್ಲಿ ಇವೆ. ಚಿಪ್‌ಮಂಕ್‌ಗಳ ಮಟ್ಟಿಗೆ ನಮ್ಮ ಅದೃಷ್ಟ ಚೆನ್ನಾಗಿದೆ. ಬ್ರಿಟಿಷ್ ವಾಯುಪಡೆ ಪ್ರತಿ ವಿಮಾನಕ್ಕೂ ಒಂದು ಚಲನೆಯ ಕಾರ್ಡು ಇಡುತ್ತಿತ್ತು. ಯಾವ ದಿನ ಯಾವ ಘಟಕಕ್ಕೆ ಹೋಯಿತು, ಯಾವಾಗ ಪುಸ್ತಕದಿಂದ ಹೊರಬಿತ್ತು ಎಲ್ಲ ಅದರಲ್ಲಿರುತ್ತದೆ. ಅದರಲ್ಲಿ ಘಾನಾಕ್ಕೆ ಖರ್ಚು ಬಿದ್ದ ಸಾಲು ಸಿಕ್ಕರೆ ಜಮೆಯ ದಿನ ತಾನೇ ಸಿಕ್ಕಂತೆ. ಬ್ರಿಟನ್ನಿನಲ್ಲಿ ತಯಾರಾದ ಚಿಪ್‌ಮಂಕ್‌ನ ತಯಾರಿಕಾ ಸಂಖ್ಯೆ ಸಿ1 ಎಂದು ಶುರುವಾಗಿ, ಓರೆಗೆರೆಯ ಮುಂದೆ ನಾಲ್ಕು ಅಂಕೆ ಬರುತ್ತದೆ. ಈ ಮಾದರಿಯನ್ನು ಕಂಡರೆ ಅನುಮಾನವಿಲ್ಲ. ಏರ್-ಬ್ರಿಟನ್ ಎಂಬ ಹವ್ಯಾಸಿಗಳ ಸಂಸ್ಥೆ 1948ರಿಂದ ಇಂಥ ಪಟ್ಟಿಗಳನ್ನು ಕೂಡಿಸುತ್ತ ಬಂದಿದೆ. ಅವರ ಶ್ರಮಕ್ಕೆ ನಾನು ಕೈಮುಗಿಯುತ್ತೇನೆ.

ಸ್ಟಾಕ್‌ಹೋಮ್‌ನ ಸಿಪ್ರಿ ಸಂಸ್ಥೆಯ ಶಸ್ತ್ರಾಸ್ತ್ರ ವರ್ಗಾವಣೆಯ ಪಟ್ಟಿಯನ್ನೂ ನೋಡಿ. ಯಾರು ಯಾರಿಗೆ ಯಾವ ವರ್ಷ ಎಷ್ಟು ಕೊಟ್ಟರು ಎಂಬುದು 1950ರಿಂದ ಸಿಗುತ್ತದೆ. ಅದು ಮೊತ್ತ ಹೇಳುವ ಪುಸ್ತಕ, ಒಂದೊಂದು ಯಂತ್ರದ್ದಲ್ಲ.

ಆಕ್ರಾದಲ್ಲಿ ಸಾರ್ವಜನಿಕ ದಾಖಲೆ ಮತ್ತು ಅಭಿಲೇಖ ಇಲಾಖೆ ಇದೆ. ಅದನ್ನು ಪ್ರಾಡ್ ಎಂದು ಕರೆಯುತ್ತಾರೆ. ಲೆಗಾನ್‌ನಲ್ಲಿ ಘಾನಾ ವಿಶ್ವವಿದ್ಯಾಲಯದ ಬಾಮ್ ಗ್ರಂಥಾಲಯ ಇದೆ. 1950ರಿಂದ ಪ್ರಕಟವಾಗುತ್ತಿರುವ ಡೈಲಿ ಗ್ರಾಫಿಕ್ ಪತ್ರಿಕೆಯ ಹಳೆಯ ಸಂಚಿಕೆಗಳಲ್ಲಿ ತರಬೇತಿ ಮುಗಿಸಿದವರ ಪಥಸಂಚಲನದ ಚಿತ್ರಗಳಿಗಾಗಿ ಹುಡುಕಿ. ಜನರ ಹಿಂದೆ ಸಾಲಾಗಿ ವಿಮಾನ ನಿಲ್ಲಿಸಿ ಚಿತ್ರ ತೆಗೆಸುವುದು ಎಲ್ಲ ಪಡೆಗಳ ಪದ್ಧತಿ.

ಬಾಯಿಮಾತು

ಅಪ್ಪನ ಜೊತೆ ದುಡಿದವರೊಬ್ಬರು ಇನ್ನೂ ಇದ್ದರು. ಹೋಗಿ, "ಮಾವ, ಘಾನಾದ ವಿಮಾನಗಳು ಯಾವ ವರ್ಷ ಹೋದವು?" ಎಂದು ಕೇಳಿದೆ. ಅವರು ತಲೆಯಾಡಿಸಿದರು. "ವರ್ಷ ಯಾರು ನೆನಪಿಟ್ಟುಕೊಳ್ಳುತ್ತಾರಪ್ಪ" ಎಂದರು. ಫೋಟೋ ಕೈಗಿತ್ತೆ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇವನಿದ್ದಾನಲ್ಲ, ಮೂರನೆಯವನು, ಇವನ ಮದುವೆಗೆ ನಾವೆಲ್ಲ ರಜೆ ಹಾಕಿ ಲಾರಿಯಲ್ಲಿ ಹೋಗಿದ್ದೆವು. ಇದು ಅದಕ್ಕೆ ಮುಂಚಿನದು, ಆಮೇಲೆ ಅವನನ್ನು ಬೇರೆ ಶಾಪಿಗೆ ಹಾಕಿದರು." ಮದುವೆಯ ಕಾರ್ಡು ಆ ಮನೆಯಲ್ಲಿ ಸಿಕ್ಕಿತು. ಫೋಟೋಕ್ಕೆ ಮೇಲಿನ ಗಡಿ ಬಿತ್ತು. ಹಿರಿಯರಲ್ಲಿ ಇಸವಿ ಕೇಳಬೇಡಿ. ಮಗಳು ಹುಟ್ಟುವ ಮೊದಲೋ ಆಮೇಲೋ, ಮೇಸ್ತ್ರಿ ಯಾರಾಗಿದ್ದರು, ಯಾವ ಹ್ಯಾಂಗರಿನ ಬಾಗಿಲು ಎಂದು ಕೇಳಿ. ಕೈಯಲ್ಲಿ ಚಿತ್ರವಿಲ್ಲದೆ ಹೋಗಲೇಬೇಡಿ.

ಘಾನಾದ ನಿವೃತ್ತ ತಂತ್ರಜ್ಞರೊಡನೆಯೂ ಇದೇ ಕ್ರಮ. ಅವರಿಗೆ ಪತ್ರ ಬರೆಯುವಾಗ ಮೊದಲು ನಿಮ್ಮಲ್ಲಿರುವುದನ್ನು ಕೊಡಿ, ಆಮೇಲೆ ಕೇಳಿ. ಯೌವನವನ್ನೆಲ್ಲ ಆ ವಿಮಾನಗಳ ಎಂಜಿನ್ ಎಣ್ಣೆಯಲ್ಲಿ ಕಳೆದವರು ಅವರು.

ಈಗ ಎಲ್ಲಿದೆ

ಇದಕ್ಕೆ ಉತ್ತರ ಬರೆಯುವಾಗ "ಇದೆ" ಎಂದು ಬರೆಯಬೇಡಿ. ಯಾವ ದಿನ, ಎಲ್ಲಿ, ಯಾರು ಕಂಡರು ಎಂದು ಬರೆಯಿರಿ. ನನ್ನ ಪುಸ್ತಕದಲ್ಲಿ ಕೊನೆಗೆ ಕಂಡ ದಿನ ಎಂಬ ಒಂದು ಕಾಲಮ್ಮೇ ಇದೆ. ಹಾಗೆಯೇ ಕಣ್ಣಾರೆ ಕಂಡದ್ದನ್ನು ನೀಲಿ ಶಾಯಿಯಲ್ಲಿ, ಕಾಗದದಲ್ಲಿ ಓದಿದ್ದನ್ನು ಕಪ್ಪಿನಲ್ಲಿ, ಬಾಯಿಮಾತನ್ನೂ ಊಹೆಯನ್ನೂ ಪೆನ್ಸಿಲಿನಲ್ಲಿ ಬರೆಯುತ್ತೇನೆ. ಕಂಪ್ಯೂಟರಿನಲ್ಲಿ ಮಾಡುವವರು ಬಣ್ಣ ಹಾಕಿಕೊಳ್ಳಬಹುದು.

ಪಡೆಯಿಂದ ಹೊರಬಿದ್ದ ವಿಮಾನ ಮಾರಾಟವಾಗಿದ್ದರೆ ನಾಗರಿಕ ನೋಂದಣಿಗಳಲ್ಲಿ ತಯಾರಿಕಾ ಸಂಖ್ಯೆಯಿಂದ ಹುಡುಕಿ. ಬ್ರಿಟನ್, ಕೆನಡಾ, ಅಮೆರಿಕ ಮೂರೂ ದೇಶಗಳ ನೋಂದಣಿ ತಾಣಗಳಲ್ಲಿ ಇದು ಉಚಿತ. ಬೀವರ್, ಆಟರ್‌ಗಳಿಗೆ ಇದನ್ನು ತಪ್ಪದೆ ಮಾಡಿ. ಕೆರೆಗಳ ಮೇಲೂ ಹಿಮದ ಮೇಲೂ ಇಳಿಯಬಲ್ಲ ಆ ಗಟ್ಟಿ ವಿಮಾನಗಳಿಗೆ ಕೆನಡಾದಲ್ಲಿ ಇಂದಿಗೂ ಬೆಲೆ ಇದೆ. ಎಲ್ಲಿಯ ಹಳೆಯ ಒಡಲಾದರೂ ಅದನ್ನು ತಂದು ರಿಪೇರಿ ಮಾಡಿಸುವವರಿದ್ದಾರೆ.

ನೆಲೆಯಲ್ಲೇ ಉಳಿದಿದ್ದರೆ ಉಪಗ್ರಹ ಚಿತ್ರಗಳ ಹಳೆಯ ವರ್ಷಗಳನ್ನು ಒಂದೊಂದಾಗಿ ತೆರೆಯಿರಿ. ಓಡಾಡುವ ವಿಮಾನ ಜಾಗ ಬದಲಿಸುತ್ತದೆ. ಸತ್ತದ್ದು ಅಲ್ಲೇ ಇರುತ್ತದೆ, ಮಳೆಗಾಲದ ಚಿತ್ರದಲ್ಲಿ ಸುತ್ತ ಹುಲ್ಲು ಎದ್ದಿರುತ್ತದೆ. ರೆಕ್ಕೆಯ ಉದ್ದ ಅಳೆದರೆ ಜಾತಿ ತಿಳಿಯುತ್ತದೆ. ಎಚ್‌ಟಿ-2 ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 10.7 ಮೀಟರ್, ಕ್ಯಾರಿಬೂ ಸುಮಾರು 29 ಮೀಟರ್. ಇನ್ನು ದ್ವಾರದ ಬಳಿ ಕಂಬದ ಮೇಲೆ ಏರಿಸಿಟ್ಟ ವಿಮಾನದ ಬಣ್ಣದ ಸಂಖ್ಯೆಯನ್ನು ಪೆನ್ಸಿಲಿನಲ್ಲಿಯೇ ಬರೆದುಕೊಳ್ಳಿ. ಪ್ರದರ್ಶನಕ್ಕೆ ಬಣ್ಣ ಬಳಿಯುವಾಗ ಬೇರೆ ಸಂಖ್ಯೆ ಬರೆಯುವುದುಂಟು. ನೀವೇ ಅಲ್ಲಿಗೆ ಹೋಗುವುದಾದರೆ ಒಂದು ಮಾತು: ಸೇನಾ ನೆಲೆಯ ಕಡೆಗೆ ಕ್ಯಾಮೆರಾ ಎತ್ತಬೇಡಿ. ಅನುಮತಿ ಪತ್ರ ಕೈಗೆ ಬಂದ ಮೇಲೆ ಮಾತ್ರ ಎತ್ತಿ.

ಗುಜರಿಗೆ ಹೋಯಿತು ಎಂದು ಯಾರಾದರೂ ಹೇಳಿದರೆ ಆ ಸಾಲನ್ನು ಮುಚ್ಚಬೇಡಿ. ಕೆನಡಾ ನೌಕಾಪಡೆಯಲ್ಲಿದ್ದ ಫೈರ್‌ಫ್ಲೈ ವಿಮಾನಗಳನ್ನು 1950ರ ದಶಕದಲ್ಲಿ ಇಥಿಯೋಪಿಯಾ ಕೊಂಡಿತ್ತು. ಕ್ರಾಂತಿ, ಯುದ್ಧ, ಬರ ಎಲ್ಲವೂ ಆ ದೇಶದ ಮೇಲೆ ಹಾದುಹೋದವು. ಆದರೂ 1993ರಲ್ಲಿ ಅವುಗಳಲ್ಲಿ ಎರಡು ಕೆನಡಾಕ್ಕೆ ಮರಳಿದವು. ಪಿಪಿ462 ಎಂಬುದು ನೋವಾ ಸ್ಕೋಷಿಯಾದ ಶಿಯರ್‌ವಾಟರ್ ವಸ್ತುಸಂಗ್ರಹಾಲಯಕ್ಕೆ ಸೇರಿತು. ಅದರ ಹಳೆಯ ಸಂಖ್ಯೆಯನ್ನು ಯಾರೋ ಉಳಿಸಿಕೊಂಡಿದ್ದರಿಂದ ತಾನೇ ಇದು ನಮ್ಮದು ಎಂದು ಹೇಳಲು ಸಾಧ್ಯವಾಯಿತು?

ಅಪ್ಪನ ಫೋಟೋದಲ್ಲಿ ವಿಮಾನದ ಒಡಲ ಮೇಲೆ ಸಂಖ್ಯೆಯ ಕೊನೆಯ ಅಂಕೆ ಮೂರನೆಯವರ ಭುಜದ ಹಿಂದೆ ಅರ್ಧ ಮುಚ್ಚಿಹೋಗಿದೆ. ಮೇಲಿನ ಕಮಾನು ಮಾತ್ರ ಕಾಣುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಕಮಾನಿನ ಎಡಬದಿ ಕೆಳಗೆ ಇಳಿಯುತ್ತ ಹೋಗಿ ಭುಜದ ಅಂಚಿನಲ್ಲಿ ಕೊಂಚ ಒಳಕ್ಕೆ ಬಾಗುತ್ತದೆ. ಹಾಗಾದರೆ ಅದು 2 ಅಲ್ಲ, 3 ಅಲ್ಲ. 8 ಅಥವಾ 9. ದೊಡ್ಡದಾಗಿ ಸ್ಕ್ಯಾನ್ ಮಾಡಿಸಿ, ಅದೇ ಸಾಲಿನ ಉಳಿದ ಅಂಕೆಗಳ ಬಾಗನ್ನು ಟ್ರೇಸಿಂಗ್ ಕಾಗದದ ಮೇಲೆ ಎತ್ತಿಕೊಂಡು ಒಂದರ ಮೇಲೊಂದು ಇಟ್ಟು ನೋಡುತ್ತಿದ್ದೇನೆ. ಆ ಸಾಲಿನಲ್ಲಿ ಎರಡೂ ಅಂಕೆಗಳನ್ನು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಷರಾದ ಜಾಗದಲ್ಲಿ ಅಪ್ಪನ ಮಾತನ್ನು ಮಾತ್ರ ಕಪ್ಪು ಶಾಯಿಯಲ್ಲಿ ನಕಲು ಮಾಡಿದ್ದೇನೆ: ಬಾಲ ನಮ್ಮದು.